ಎಣ್ಣೆ ಬಾವಿಗೆ ನೀರಿನ ಜೊತೆ ಕರೆಂಟೂ ಕೊಟ್ರೆ ಎಣ್ಣೆ ಜಾಸ್ತಿ ಬರುತ್ತಾ?

ಪ್ರಶ್ನೆ (ಪೊನ್ನಂಪೇಟೆಯಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ನಾನು ಫೈನಲ್ ಇಯರ್ ಬಿಇ ಓದ್ತಿದ್ದೀನಿ. ಸೆಮಿನಾರಿಗೆ ಟಾಪಿಕ್ ಹುಡುಕೋವಾಗ, ಎಣ್ಣೆ ಬಾವಿಗಳಲ್ಲಿ ವಾಟರ್‌ಫ್ಲಡಿಂಗ್ (ನೀರು ಒತ್ತಿ ಎಣ್ಣೆ ಹೊರಗೆ ತರೋದು) ಮಾಡೋವಾಗ ಜೊತೆಗೆ ಡಿಸಿ ಕರೆಂಟ್ ಕೊಟ್ರೆ ಎಣ್ಣೆ ಜಾಸ್ತಿ ಬರುತ್ತೆ ಅಂತ ಓದಿದೆ. ಕಲ್ಲಿನೊಳಗಿರೋ ಎಣ್ಣೆನ ಕರೆಂಟ್ ಹೇಗೆ ತಳ್ಳುತ್ತೆ? ಲ್ಯಾಬಲ್ಲಿ ಆಗೋದು ನಿಜವಾದ ಬಾವೀಲೂ ಆಗುತ್ತಾ? ಇದೇ ರೀತಿ ಒದ್ದೆ ಮಣ್ಣಿಂದ ನೀರು ತೆಗೀಬಹುದು ಅಂತಾನೂ ಅಲ್ಲಿತ್ತು. ನಮ್ಮ ಮನೆ ಹಿಂದೆ ದೊಡ್ಡ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆ, 2018ರ ಮಳೇಲಿ ಅದರ ಮೇಲ್ಗಡೆ ಬಿರುಕು ಬಿಟ್ಟಿತ್ತು. ಅದಕ್ಕೇನಾದ್ರೂ ಇದು ಉಪಯೋಗಕ್ಕೆ ಬರುತ್ತಾ?

ಉತ್ತರ:

ಒಳ್ಳೆ ಟಾಪಿಕ್ ಹಿಡಿದಿದ್ದೀರಿ, ಬಿಡ್ಬೇಡಿ. ನಾನು ಕೆಲಸ ಮಾಡಿದ್ದೆಲ್ಲ ಇದೇ ನೀರು ಹಾಯಿಸೋ ಲೈನಲ್ಲಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಸಮಾಧಾನವಾಗಿ ಓದಿ. ಮೊದಲು ಚಿಕ್ಕದಾಗಿ ಹೇಳ್ಬೇಕು ಅಂದ್ರೆ, ಕರೆಂಟ್ ಕೊಟ್ರೆ ಕಲ್ಲಿನ ಒಳಗಿನ ನೀರು ಚಲಿಸೋದು ನಿಜ, ಇನ್ನೂರು ವರ್ಷದಿಂದ ಗೊತ್ತಿರೋ ವಿಷಯ, ಲ್ಯಾಬಲ್ಲಿ ಎಣ್ಣೆ ಜಾಸ್ತಿ ಬರೋದೂ ನಿಜ, ಆದ್ರೆ ಕರೆಂಟ್ ಎಣ್ಣೆನ ತಳ್ಳುತ್ತೆ ಅನ್ನೋ ಮಾತಿದೆಯಲ್ಲ, ನೀವು ಕೇಳಿರೋ ಪ್ರಶ್ನೆಯಲ್ಲೂ ಅದೇ ಇದೆ, ಅದು ಸರಿ ಇಲ್ಲ. ತಳ್ಳೋ ಕೆಲಸಕ್ಕೆ ಪಂಪೇ ಬೇಕು. ಕರೆಂಟ್ ಮಾಡೋ ಕೆಲಸ ಬೇರೆ, ಅದು ಕಲ್ಲಿಗೆ ಅಂಟಿಕೊಂಡಿರೋ ಎಣ್ಣೆನ ಬಿಡಿಸೋದು. ಈ ವ್ಯತ್ಯಾಸ ಹಿಡ್ಕೊಂಡ್ರೆ ಎಲ್ಲಿ ಇದು ಕೆಲಸ ಮಾಡುತ್ತೆ ಎಲ್ಲಿ ಮಾಡಲ್ಲ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಎಣ್ಣೆ ಯಾಕೆ ಕೆಳಗೇ ಉಳಿಯುತ್ತೆ ಅನ್ನೋದರಿಂದ ಶುರು ಮಾಡೋಣ. ನೆಲದ ಕೆಳಗೆ ಎಣ್ಣೆ ಕೆರೆ ತರ ನಿಂತಿರಲ್ಲ, ಮರಳುಗಲ್ಲು ಅಥವಾ ಸುಣ್ಣಕಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಲ್ಲಿ ಉಪ್ಪುನೀರಿನ ಜೊತೆ ಇರುತ್ತೆ. ಬಾವಿ ಕೊರೆದ ಹೊಸದರಲ್ಲಿ ಅಲ್ಲಿನ ಒತ್ತಡವೇ ಎಣ್ಣೆನ ಮೇಲಕ್ಕೆ ತರುತ್ತೆ, ಒತ್ತಡ ಇಳಿದ ಮೇಲೆ ಪಕ್ಕದ ಬಾವಿಗಳಿಂದ ನೀರು ಒತ್ತಿ ಎಣ್ಣೆನ ಈ ಕಡೆ ನೂಕ್ತಾರೆ, ಅದೇ ವಾಟರ್‌ಫ್ಲಡಿಂಗ್. ಇದನ್ನ ಯಾರೂ ಕೂತು ಕಂಡುಹಿಡಿದಿದ್ದಲ್ಲ, 1865ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಪಿಟ್‌ಹೋಲ್ ಅನ್ನೋ ಕಡೆ ಬಾವಿಗಳಿಗೆ ತಪ್ಪಿ ನೀರು ನುಗ್ಗಿ ಪಕ್ಕದ ಬಾವಿಗಳಲ್ಲಿ ಎಣ್ಣೆ ಹೆಚ್ಚಾಗಿದ್ದು ನೋಡಿ ಗೊತ್ತಾಗಿದ್ದು, ಆದ್ರೂ ಆ ರಾಜ್ಯದಲ್ಲಿ ಅದನ್ನ ಕಾನೂನುಬದ್ಧ ಮಾಡೋಕೆ 1921 ಬರಬೇಕಾಯ್ತು. ನಮ್ಮ ದೇಶದಲ್ಲಿ 1974ರಲ್ಲಿ ಸಿಕ್ಕಿದ ಮುಂಬೈ ಹೈ ಎಣ್ಣೆ ಕ್ಷೇತ್ರಕ್ಕೆ ಸಮುದ್ರದ ನೀರನ್ನೇ ಶುದ್ಧ ಮಾಡಿ ಒತ್ತುತ್ತಾರೆ, ರಾಜಸ್ಥಾನದ ಬಾಡಮೇರ್ ಹತ್ತಿರದ ಮಂಗಲಾ ಕ್ಷೇತ್ರದಲ್ಲಿ ಎಣ್ಣೇಲಿ ಮೇಣ ಜಾಸ್ತಿ, ತಣ್ಣಗಾದ್ರೆ ಗಟ್ಟಿಯಾಗುತ್ತೆ ಅಂತ ಬಿಸಿನೀರು ಒತ್ತಿದ್ರು, ಆಮೇಲೆ ಪಾಲಿಮರ್ ಬೆರೆಸಿದ್ರು. ಇಷ್ಟೆಲ್ಲ ಮಾಡಿದ್ರೂ ಜಗತ್ತಿನ ಸರಾಸರಿ ತೆಗೆದ್ರೆ ಮೂರರಲ್ಲಿ ಒಂದು ಪಾಲಿನ ಆಸುಪಾಸು ಎಣ್ಣೆ ಮಾತ್ರ ಮೇಲೆ ಬರೋದು, ಉಳಿದಿದ್ದೆಲ್ಲ ಅಲ್ಲೇ.

ಉಳಿಯೋಕೆ ಎರಡು ಕಾರಣ. ಒಂದು, ನೀರು ಎಲ್ಲ ಕಡೆ ಸಮನಾಗಿ ಹೋಗಲ್ಲ. ನಮ್ಮ ತೋಟದ ಇಳಿಜಾರಲ್ಲಿ ಮಳೆನೀರು ಒಂದ್ಸಲ ಕೊರಕಲು ಮಾಡ್ಕೊಂಡ್ರೆ ಆಮೇಲೆ ಎಷ್ಟೇ ಮಳೆ ಬಂದ್ರೂ ಆ ಕೊರಕಲಲ್ಲೇ ಓಡುತ್ತೆ, ಪಕ್ಕದ ಗಿಡದ ಬುಡಕ್ಕೆ ಹೋಗಲ್ಲ ನೋಡಿ, ಕಲ್ಲಿನೊಳಗೂ ಹಾಗೇ, ದೊಡ್ಡ ತೂತುಗಳ ದಾರಿ ಹಿಡಿದು ನೀರು ನೇರ ಪ್ರೊಡಕ್ಷನ್ ಬಾವಿಗೆ, ಅಂದ್ರೆ ಎಣ್ಣೆ ತೆಗೆಯೋ ಬಾವಿಗೆ, ಬಂದುಬಿಡುತ್ತೆ, ಸಣ್ಣ ತೂತಿನ ಭಾಗಗಳು ಮುಟ್ಟದೇ ಉಳೀತವೆ. ಎರಡನೇದು, ನೀರು ಹಾದುಹೋದ ದಾರಿಯಲ್ಲೂ ಎಣ್ಣೆ ಹನಿಹನಿಯಾಗಿ ಸಿಕ್ಕಿಹಾಕ್ಕೊಂಡಿರುತ್ತೆ. ಇದರ ಲೆಕ್ಕ ಒಂದ್ಸಲ ಮಾಡಿ ನೋಡಿ, ಸೆಮಿನಾರಲ್ಲಿ ಹಾಕಿ. ಎಣ್ಣೆ ನೀರಿನ ನಡುವಿನ ಇಂಟರ್‌ಫೇಶಿಯಲ್ ಟೆನ್ಷನ್ (ಎರಡೂ ಸೇರೋ ಮೈಯಲ್ಲಿರೋ ಎಳೆತ) ಮೀಟರಿಗೆ 30 ಮಿಲಿನ್ಯೂಟನ್, ತೂತಿನ ಕತ್ತಿನ ತ್ರಿಜ್ಯ 5 ಮೈಕ್ರಾನ್ ಅಂತ ಇಟ್ಕೊಂಡ್ರೆ ಆ ಕತ್ತಲ್ಲಿ ಹನಿ ತೂರಿಸೋಕೆ 12,000 ಪಾಸ್ಕಲ್ ವರೆಗೂ ಒತ್ತಡ ಬೇಕಾಗುತ್ತೆ. ನೀರಿನ ಕಡೆಯಿಂದ ಎಷ್ಟು ಸಿಗುತ್ತೆ? ಎರಡು ಬಾವಿ ನಡುವೆ 200 ಮೀಟರ್ ದೂರ, 100 ಬಾರ್ ಒತ್ತಡದ ವ್ಯತ್ಯಾಸ ಇದ್ರೂ ಮೀಟರಿಗೆ ಬರೋದು ಅರ್ಧ ಬಾರ್, ಹನಿ ಉದ್ದ 0.1 ಮಿಲಿಮೀಟರ್ ಅಂದ್ರೆ ಆ ಹನಿಯ ಹಿಂದೆ ಮುಂದೆ ಬರೀ 5 ಪಾಸ್ಕಲ್. ಬೇಕಾಗಿರೋದು ಸಾವಿರಗಟ್ಟಲೆ, ಇರೋದು 5. ಪಂಪ್ ಎಷ್ಟು ದೊಡ್ಡದು ತಂದ್ರೂ ಈ ಅಂತರ ಮುಚ್ಚೋಕಾಗಲ್ಲ, ಅದಕ್ಕೇ ಸೋಪಿನ ಥರದ ಸರ್ಫ್ಯಾಕ್ಟಂಟ್ ಹಾಕಿ ಟೆನ್ಷನ್ನನ್ನೇ ಸಾವಿರ ಪಟ್ಟು ಇಳಿಸೋ ದಾರಿ ಜನ ಹುಡುಕಿದ್ದು.

ಈಗ ಕರೆಂಟಿಗೆ ಬರೋಣ. 1809ರಲ್ಲಿ ಮಾಸ್ಕೋದಲ್ಲಿ ರಾಯ್ಸ್ ಅನ್ನೋ ವಿಜ್ಞಾನಿ ಒದ್ದೆ ಜೇಡಿಮಣ್ಣಲ್ಲಿ ಎರಡು ಗಾಜಿನ ಟ್ಯೂಬ್ ನಿಲ್ಲಿಸಿ ನೀರು ತುಂಬಿ ಬ್ಯಾಟರಿ ಕೊಟ್ಟಾಗ ನೆಗೆಟಿವ್ ಕಡೆ ಟ್ಯೂಬಲ್ಲಿ ನೀರು ಏರಿತು, ಪಾಸಿಟಿವ್ ಕಡೆ ಜೇಡಿ ಕಣ ಎದ್ದು ನೀರು ಕದಡಿತು. ಒಂದೇ ಪ್ರಯೋಗದಲ್ಲಿ ಎಲೆಕ್ಟ್ರೋ ಆಸ್ಮೋಸಿಸ್ (ಕರೆಂಟಿಂದ ನೀರು ಚಲಿಸೋದು), ಎಲೆಕ್ಟ್ರೋಫೋರೆಸಿಸ್ (ಕಣ ಚಲಿಸೋದು) ಎರಡೂ ಸಿಕ್ಕಿಬಿಟ್ವು, ವೋಲ್ಟಾ ಬ್ಯಾಟರಿ ಮಾಡಿ ಹತ್ತು ವರ್ಷ ಆಗಿರಲಿಲ್ಲ ಆಗ, ಯೋಚನೆ ಮಾಡಿ! ಕಾರಣ ಏನು ಅಂದ್ರೆ ಮರಳು, ಜೇಡಿಯ ಮೈ ನೀರಲ್ಲಿ ನೆಗೆಟಿವ್ ಚಾರ್ಜ್ ಹಿಡಿಯುತ್ತೆ, ಅದನ್ನ ಸರಿದೂಗಿಸೋಕೆ ಪಕ್ಕದ ನೀರಿನ ಪದರದಲ್ಲಿ ಸೋಡಿಯಂನಂಥ ಪಾಸಿಟಿವ್ ಅಯಾನ್‌ಗಳು ಜಾಸ್ತಿ ಸೇರ್ತವೆ, ಇದೇ ಡಬಲ್ ಲೇಯರ್. ಎಲೆಕ್ಟ್ರಿಕ್ ಫೀಲ್ಡ್ ಕೊಟ್ಟಾಗ ಆ ಅಯಾನ್‌ಗಳು ನೆಗೆಟಿವ್ ಎಲೆಕ್ಟ್ರೋಡ್ ಕಡೆ ಹೊರಟು ಜೊತೆಗೆ ನೀರನ್ನೂ ಎಳ್ಕೊಂಡು ಹೋಗ್ತವೆ. ಅದಕ್ಕೇ ಮರಳುಗಲ್ಲಿನ ಕ್ಷೇತ್ರದಲ್ಲಿ ಪ್ರೊಡಕ್ಷನ್ ಬಾವಿನ ಕ್ಯಾಥೋಡ್, ಅಂದ್ರೆ ನೆಗೆಟಿವ್ ಎಲೆಕ್ಟ್ರೋಡ್, ಮಾಡೋದು. ಸುಣ್ಣಕಲ್ಲಾದ್ರೆ ಹುಷಾರು, ಅಲ್ಲಿ ನೀರಲ್ಲಿರೋ ಕ್ಯಾಲ್ಸಿಯಂ ಎಷ್ಟು ಅನ್ನೋದರ ಮೇಲೆ ಕಲ್ಲಿನ ಚಾರ್ಜ್ ಪಾಸಿಟಿವೂ ಆಗಬಹುದು, ಆಗ ನೀರು ಉಲ್ಟಾ ಹೋಗುತ್ತೆ, ಮುಂಬೈ ಹೈ ಬಹುಪಾಲು ಸುಣ್ಣಕಲ್ಲೇ, ಹಾಗಾಗಿ ಮರಳುಗಲ್ಲಿನ ರಿಸಲ್ಟ್ ತಂದು ಅಲ್ಲಿಗೆ ಅಂಟಿಸೋಕಾಗಲ್ಲ.

ಇದರಲ್ಲಿ ಎಲ್ಲರ ಕಣ್ಣು ಹೋಗೋ ಗುಣ ಒಂದಿದೆ. ಪಂಪಿನ ಒತ್ತಡದಲ್ಲಿ ತೂತಿನ ಅಗಲ ಹತ್ತನೇ ಒಂದು ಭಾಗ ಆದ್ರೆ ನೀರಿನ ವೇಗ ನೂರನೇ ಒಂದು ಭಾಗಕ್ಕೆ ಬೀಳುತ್ತೆ. ಕರೆಂಟಿಂದ ಹೋಗೋ ನೀರಿಗೆ ಆ ಕಾಟ ಇಲ್ಲ, ತೂತು ಡಬಲ್ ಲೇಯರ್‌ಗಿಂತ ಅಗಲವಾಗಿದ್ರೆ ಸಾಕು, ದೊಡ್ಡದರಲ್ಲಿ ಸಣ್ಣದರಲ್ಲಿ ವೇಗ ಹೆಚ್ಚುಕಮ್ಮಿ ಒಂದೇ. ಅಂದ್ರೆ ನೀರು ಬಿಟ್ಟುಹೋದ ಸಣ್ಣ ತೂತುಗಳಿಗೆ ಕರೆಂಟ್ ಹೋಗಿ ತಲುಪುತ್ತೆ. ಕೇಳೋಕೆ ತುಂಬಾ ಚೆನ್ನಾಗಿದೆ, ನನಗೂ ಈ ವಿಷಯದ ಮೇಲೆ ಪ್ರೀತಿ ಬಂದಿದ್ದು ಇದರಿಂದಾನೇ. ಆದ್ರೆ ಅಂಕಿ ಹಾಕದೇ ನಂಬಬಾರದು.

ಮಣ್ಣಿನ ಇಂಜಿನಿಯರುಗಳು ತುಂಬಾ ಕಾಲದಿಂದ ಬಳಸೋ ಅಂದಾಜು ಏನು ಅಂದ್ರೆ ಸೆಂಟಿಮೀಟರಿಗೆ 1 ವೋಲ್ಟ್ ಫೀಲ್ಡ್ ಕೊಟ್ರೆ ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದಲ್ಲಿ ದಿನಕ್ಕೆ ಸುಮಾರು 4 ಘನ ಸೆಂಟಿಮೀಟರ್ ನೀರು ಹಾಯುತ್ತೆ. ಲ್ಯಾಬಿನ ಕೋರ್ ತುಂಡು (ಕೊರೆದು ತೆಗೆದ ಕಲ್ಲಿನ ದಿಂಡು) ಸಾಮಾನ್ಯವಾಗಿ 3.8 ಸೆಂಟಿಮೀಟರ್ ವ್ಯಾಸ, ಉದ್ದ 10 ಸೆಂಟಿಮೀಟರ್ ಅನ್ನಿ, 10 ವೋಲ್ಟ್ ಕೊಟ್ರೆ ಮುಗೀತು, ಕಲ್ಲಿನ ರೆಸಿಸ್ಟಿವಿಟಿ (ಕರೆಂಟಿಗೆ ಒಡ್ಡೋ ತಡೆ) 10 ಓಮ್ ಮೀಟರ್ ಆಗಿದ್ರೆ ಹರಿಯೋ ಕರೆಂಟ್ ಸುಮಾರು 11 ಮಿಲಿಆಂಪ್, ಪವರ್ ಒಂದು ವ್ಯಾಟಿನ ಹತ್ತನೇ ಒಂದು ಭಾಗ. ಈಗ ಅದೇ ಫೀಲ್ಡನ್ನ ನಿಜವಾದ ಕ್ಷೇತ್ರಕ್ಕೆ ತನ್ನಿ. 200 ಮೀಟರ್ ಉದ್ದ, 200 ಮೀಟರ್ ಅಗಲ, 10 ಮೀಟರ್ ದಪ್ಪ, ಅದೇ ಕಲ್ಲು. 20,000 ವೋಲ್ಟ್ ಬೇಕು, 20,000 ಆಂಪ್ ಹರಿಯುತ್ತೆ, ಒಟ್ಟು 400 ಮೆಗಾವ್ಯಾಟ್. ರಾಯಚೂರು ಥರ್ಮಲ್ಲಿನ 210 ಮೆಗಾವ್ಯಾಟಿನ ಎರಡು ಯೂನಿಟ್ ಬರೀ ಈ ಒಂದು ತುಂಡು ಕಲ್ಲಿಗೆ. ಆಗದ ಮಾತು. ಹಾಗಾದ್ರೆ ಕಮ್ಮಿ ಮಾಡಿ, ಮೀಟರಿಗೆ 1 ವೋಲ್ಟ್ ಸಾಕು ಅನ್ನಿ, ಆಗ 200 ವೋಲ್ಟ್, 200 ಆಂಪ್, 40 ಕಿಲೋವ್ಯಾಟ್, ಇದು ಕೊಡಬಹುದಾದ ಪವರ್. ಆದ್ರೆ ಫೀಲ್ಡ್ ನೂರನೇ ಒಂದಕ್ಕಿಳಿದ ಮೇಲೆ ಆ ನೀರಿನ ನಡಿಗೇನೂ ದಿನಕ್ಕೆ ಒಂದೆರಡು ಮಿಲಿಮೀಟರಿಗೆ ಇಳಿಯುತ್ತೆ, ಪಂಪ್ ತಳ್ಳೋ ನೀರು ದಿನಕ್ಕೆ ಸುಮಾರು 30 ಸೆಂಟಿಮೀಟರ್ ನಡೆಯುತ್ತೆ. ಇದರಲ್ಲಿ ಯಾವುದು ಎಣ್ಣೆನ ತಳ್ತಾ ಇದೆ ಅಂತ ಬೇರೆ ಹೇಳ್ಬೇಕಾಗಿಲ್ಲ.

ನಾನು ಇಲ್ಲಿ ಫೀಲ್ಡ್ ಉದ್ದಕ್ಕೂ ಸಮನಾಗಿದೆ ಅಂತ ಹಿಡ್ಕೊಂಡೆ, ಅದೂ ಉದಾರವಾದ ಲೆಕ್ಕ. ಬಾವಿ ಅಂದ್ರೆ ಸಣ್ಣ ಕೊಳವೆ, ಅದರಿಂದ ಹೊರಟ ಕರೆಂಟ್ ದೂರ ಹೋದ ಹಾಗೆ ಹರಡಿಕೊಳ್ಳುತ್ತೆ. 10 ಸೆಂಟಿಮೀಟರ್ ತ್ರಿಜ್ಯದ ಎರಡು ಬಾವಿ 200 ಮೀಟರ್ ದೂರದಲ್ಲಿದ್ರೆ, ಕೊಟ್ಟ ವೋಲ್ಟೇಜಿನ ಅರ್ಧ ಭಾಗ ಆ ಎರಡೂ ಬಾವಿಗಳ ಸುತ್ತಲಿನ ನಾಲ್ಕೈದು ಮೀಟರಲ್ಲೇ ಖರ್ಚಾಗಿ ಹೋಗುತ್ತೆ, ನಡುವಿನ ನೂರತೊಂಬತ್ತು ಮೀಟರಿಗೆ ಉಳಿದರ್ಧ. ಬಾವಿ ಗೋಡೆಗೆ ಹಾಕಿರೋ ಸ್ಟೀಲ್ ಪೈಪು, ಕೇಸಿಂಗ್, ಬೇರೆ ಮೇಲಿಂದ ಕೆಳಗಿನ ತನಕ ಇರುತ್ತಲ್ಲ, ಅದು ಕಲ್ಲಿಗಿಂತ ಎಷ್ಟೋ ಪಾಲು ಒಳ್ಳೆ ವಾಹಕ, ನಡುವೆ ಫೈಬರ್‌ಗ್ಲಾಸಿನ ತುಂಡು ಹಾಕಿ ಬೇರೆ ಮಾಡದಿದ್ರೆ ಕರೆಂಟ್ ಎಣ್ಣೆ ಪದರಕ್ಕೆ ಹೋಗೋದೇ ಇಲ್ಲ, ಮೇಲಿನ ಜೇಡಿ ಪದರಗಳಲ್ಲಿ ಸೋರಿ ಹೋಗುತ್ತೆ.

ಸಣ್ಣ ತೂತಲ್ಲಿ ಸಿಕ್ಕಿದ ಹನಿನ ಈ ಎಲೆಕ್ಟ್ರೋ ಆಸ್ಮೋಸಿಸ್ ಒತ್ತಡ ತಳ್ಳಿ ಬಿಡಿಸುತ್ತೆ ಅಂತ ಕೆಲವರು ಬರೀತಾರೆ, ಅದನ್ನೂ ಲೆಕ್ಕ ಹಾಕಿ. 1 ಮೈಕ್ರಾನ್ ತ್ರಿಜ್ಯದ ಕೊಳವೆ, ಝೀಟಾ ಪೊಟೆನ್ಷಿಯಲ್ (ಕಲ್ಲಿನ ಮೈ ಹತ್ತಿರ ಡಬಲ್ ಲೇಯರಿನ ವೋಲ್ಟೇಜ್) 50 ಮಿಲಿವೋಲ್ಟ್, ಫೀಲ್ಡ್ ಸೆಂಟಿಮೀಟರಿಗೆ 1 ವೋಲ್ಟ್, ಮುಂದೆ ದಾರಿ ಬಂದ್ ಆಗಿದೆ ಅಂದ್ರೆ 0.1 ಮಿಲಿಮೀಟರ್ ಉದ್ದಕ್ಕೆ ಹುಟ್ಟೋ ಒತ್ತಡ ಸುಮಾರು 3 ಪಾಸ್ಕಲ್. ಬೇಕಿದ್ದಿದ್ದು ಸಾವಿರಗಟ್ಟಲೆ ಅಂತ ಆಗಲೇ ನೋಡಿದ್ವಿ. ಇನ್ನೊಂದು ತೊಡಕು ಇದೆ, ಎಣ್ಣೆ ಹನಿಯ ಮೈಯೂ ನೀರಲ್ಲಿ ಸಾಮಾನ್ಯವಾಗಿ ನೆಗೆಟಿವೇ, ಹಾಗಾಗಿ ಹನಿ ತಾನಾಗಿ ಹೊರಡೋದು ಪಾಸಿಟಿವ್ ಕಡೆ, ನೀರು ಎಳೆಯೋದು ನೆಗೆಟಿವ್ ಕಡೆ, ಒಂದಕ್ಕೊಂದು ಎದುರು.

ಹಾಗಾದ್ರೆ ಲ್ಯಾಬಲ್ಲಿ ಬರೋ ಆ ಹೆಚ್ಚುವರಿ ಎಣ್ಣೆ ಎಲ್ಲಿಂದ ಬಂತು? ನನ್ನ ಪ್ರಕಾರ ನಿಮ್ಮ ಸೆಮಿನಾರಿನ ನಿಜವಾದ ಪ್ರಶ್ನೆ ಇದೇ, ಇದರ ಮೇಲೇ ನಿಲ್ಲಿಸಿ. ಕ್ರೂಡ್ ಎಣ್ಣೆಯಲ್ಲಿ ಆಸ್ಫಾಲ್ಟೀನ್, ರೆಸಿನ್, ಸಾವಯವ ಆಮ್ಲ ಅಂತ ಚಾರ್ಜ್ ಹಿಡಿಯೋ ಅಂಶಗಳು ಇರ್ತವೆ, ಕಲ್ಲಿನ ಗೋಡೆಗೆ ಎಣ್ಣೆ ಅಂಟೋದು ಬಹುಪಾಲು ಇವುಗಳ ಮೂಲಕ, ನಡುವೆ ಕ್ಯಾಲ್ಸಿಯಂ ಅಯಾನ್ ಸೇತುವೆ ತರ ನಿಂತು ಹಿಡ್ಕೊಂಡಿರುತ್ತೆ. ಕರೆಂಟ್ ಹರಿದಾಗ ಅಯಾನ್‌ಗಳು ಜಾಗ ಬದಲಿಸ್ತವೆ, ಪಿಎಚ್ ಬದಲಾಗುತ್ತೆ, ಗೋಡೆಯ ಚಾರ್ಜೂ ಬದಲಾಗುತ್ತೆ, ಹಿಡಿತ ಸಡಿಲ ಆಗುತ್ತೆ, ಎಣ್ಣೆ ಒದ್ದೆ ಮಾಡಿದ್ದ ಕಲ್ಲು ನೀರು ಒದ್ದೆ ಮಾಡೋ ಕಲ್ಲಾಗುತ್ತೆ, ವೆಟ್ಟಬಿಲಿಟಿ ಬದಲಾವಣೆ ಅನ್ನೋದು ಇದನ್ನೇ. ವೋಲ್ಟೇಜಿಂದ ದ್ರವದ ಮೇಲ್ಮೈ ಗುಣ ಬದಲಾಗೋದನ್ನ 1875ರಲ್ಲೇ ಲಿಪ್‌ಮನ್ ಪಾದರಸದ ಮೇಲೆ ತೋರಿಸಿದ್ರು, ಹೊಸದೇನಲ್ಲ. ಒಂದ್ಸಲ ಎಣ್ಣೆ ಗೋಡೆ ಬಿಟ್ಟ ಮೇಲೆ ತಗೊಂಡು ಹೋಗೋದು ಪಂಪಿನ ನೀರೇ. ಜೊತೆಗೆ ಕಲ್ಲಿನ ತೂತುಗಳಲ್ಲಿರೋ ಜೇಡಿ ಕಣಗಳು ಜಾಗ ಬಿಟ್ಟು ಹೋಗಿ ಎಲ್ಲೋ ಕೂತು ನೀರಿನ ಹಳೇ ದಾರಿ ಮುಚ್ಚಬಹುದು, ಆಗ ನೀರು ಹೊಸ ಕಡೆ ಹೊರಳುತ್ತೆ, ಇದು ಒಳ್ಳೇದೂ ಆಗಬಹುದು, ಬಾವಿ ಬಾಯೇ ಕಟ್ಟಿ ಕೆಟ್ಟದ್ದೂ ಆಗಬಹುದು.

ಬಿಸಿಯೂ ಒಂದಿದೆ. ಆ 40 ಕಿಲೋವ್ಯಾಟ್ ಇಡೀ 200 ಮೀಟರ್ ತುಂಡಿಗೆ ಹಂಚಿದ್ರೆ ಒಂದು ವರ್ಷಕ್ಕೆ ಒಂದು ಒಂದೂವರೆ ಡಿಗ್ರಿ ಏರುತ್ತೆ ಅಷ್ಟೇ, ಅದರಲ್ಲೂ ಮೇಲೆ ಕೆಳಗಿನ ಕಲ್ಲು ಒಂದಷ್ಟು ಎಳ್ಕೊಳ್ಳುತ್ತೆ. ಆದ್ರೆ ವೋಲ್ಟೇಜ್ ಬಾವಿ ಹತ್ತಿರಾನೇ ಖರ್ಚಾಗುತ್ತೆ ಅಂದೆನಲ್ಲ, ಬಿಸಿಯೂ ಅಲ್ಲೇ ಸೇರುತ್ತೆ, ದಪ್ಪ ಎಣ್ಣೆ ಇರೋ ಕಡೆ ಬಾವಿ ಸುತ್ತ ಕೆಲವು ಮೀಟರ್ ಬಿಸಿಯಾದ್ರೆ ಎಣ್ಣೆ ಸಲೀಸಾಗಿ ಒಳಗೆ ಬರುತ್ತೆ. ಅದಕ್ಕೇ ಬಯಲಲ್ಲಿ ಮಾಡಿ ನೋಡಿದವರು ಹೆಚ್ಚಾಗಿ ದಪ್ಪ ಎಣ್ಣೆ ಕ್ಷೇತ್ರಗಳನ್ನೇ ಆರಿಸ್ಕೊಂಡಿದ್ದು, ಕ್ಯಾಲಿಫೋರ್ನಿಯಾದ ಸಾಂಟಾ ಮರಿಯಾ ಬೇಸಿನ್ ಅಂಥದ್ದೊಂದು. ಇದರ ಹಿಂದೆ ಇದ್ದವರು ಚಿಲಿಂಗರ್, ಕ್ಯಾಲಿಫೋರ್ನಿಯಾದ ಪ್ರೊಫೆಸರ್, 1964ರಲ್ಲೇ ಅಂಬಾ, ಬೀಸನ್ ಜೊತೆ ಸೇರಿ ಡಿಸಿ ಕರೆಂಟಿಂದ ಕಲ್ಲಿನಲ್ಲಿ ದ್ರವದ ಹರಿವು ಹೆಚ್ಚಾಗೋದನ್ನ ಬರೆದಿದ್ರು. ಆಮೇಲೆ ಅಬುಧಾಬಿಯಲ್ಲಿ ಸುಣ್ಣಕಲ್ಲಿನ ಕೋರ್ ಮೇಲೆ ಕರೆಂಟ್ ಜೊತೆ ದುರ್ಬಲ ಆಸಿಡ್, ನ್ಯಾನೋ ಕಣ ಎಲ್ಲ ಸೇರಿಸಿ ನೋಡಿದಾರೆ. ಈ ಎರಡೂ ಗುಂಪಿನ ಪೇಪರ್ ಓದಿ, ಆದ್ರೆ ಕೊನೇಲಿ ಬರೋ ಪರ್ಸೆಂಟೇಜ್ ನೋಡೋ ಮುಂಚೆ ಸೆಂಟಿಮೀಟರಿಗೆ ಎಷ್ಟು ವೋಲ್ಟ್ ಕೊಟ್ರು, ನೀರಲ್ಲಿ ಉಪ್ಪು ಎಷ್ಟು ಅನ್ನೋದನ್ನ ಹುಡುಕಿ ಬರ್ಕೊಳ್ಳಿ.

ಉಪ್ಪಿನ ವಿಷಯ ಯಾಕೆ ಅಷ್ಟು ಮುಖ್ಯ ಅಂದ್ರೆ, ಸಿಹಿನೀರಲ್ಲಿ ಡಬಲ್ ಲೇಯರ್ 10 ನ್ಯಾನೋಮೀಟರ್ ಹತ್ತಿರ ದಪ್ಪ ಇರಬಹುದು, ಸಮುದ್ರದ ನೀರಲ್ಲಿ ಅದು ಅರ್ಧ ನ್ಯಾನೋಮೀಟರಿಗೂ ಕಮ್ಮಿ. ಝೀಟಾನೂ ಕುಗ್ಗುತ್ತೆ. ಅದರ ಮೇಲೆ ಉಪ್ಪುನೀರು ಒಳ್ಳೆ ವಾಹಕ ಆಗಿರೋದ್ರಿಂದ ಅದೇ ಫೀಲ್ಡಿಗೆ ಕರೆಂಟ್ ಹತ್ತಾರು ಪಟ್ಟು ಬೇಕಾಗುತ್ತೆ. ಅಂದ್ರೆ ಉಪಯೋಗ ಕಮ್ಮಿ, ಬಿಲ್ ಜಾಸ್ತಿ. ಅದಕ್ಕೇ ಕಮ್ಮಿ ಉಪ್ಪಿನ ನೀರು ಹಾಯಿಸೋ ಲೋ ಸ್ಯಾಲಿನಿಟಿ ಫ್ಲಡಿಂಗ್ ಜೊತೆ ಕರೆಂಟ್ ಸೇರಿಸೋದೇ ನನಗೆ ಎಲ್ಲಕ್ಕಿಂತ ಭರವಸೆ ಇರೋ ದಾರಿ ಅನ್ಸುತ್ತೆ, ಎರಡೂ ಕಲ್ಲಿನ ಮೈಮೇಲೇ ಕೆಲಸ ಮಾಡೋದು, ಒಂದು ಇನ್ನೊಂದಕ್ಕೆ ಖರ್ಚು ಇಳಿಸುತ್ತೆ. ಒಂದೇ ಎಚ್ಚರ, ಉಬ್ಬೋ ಜಾತಿ ಜೇಡಿ ಇರೋ ಕಲ್ಲಿಗೆ ಸಿಹಿನೀರು ಹಾಕಿದ್ರೆ ಜೇಡಿ ಉಬ್ಬಿ ತೂತೇ ಮುಚ್ಚಿಹೋಗುತ್ತೆ.

ಎಲೆಕ್ಟ್ರೋಡ್ ಕಡೆ ಆಗೋ ತೊಂದರೆನ ಪೇಪರುಗಳು ಒಂದು ಸಾಲಲ್ಲಿ ದಾಟಿಸಿಬಿಡ್ತವೆ, ಬಯಲಲ್ಲಿ ಅದೇ ದೊಡ್ಡ ತಲೆನೋವು. ಆನೋಡ್ (ಪಾಸಿಟಿವ್ ಎಲೆಕ್ಟ್ರೋಡ್) ಹತ್ತಿರ ನೀರು ಆಸಿಡ್ ಆಗುತ್ತೆ, ಉಪ್ಪುನೀರಾದ್ರೆ ಕ್ಲೋರಿನ್ ಬರುತ್ತೆ, ಕ್ಯಾಥೋಡಲ್ಲಿ ಹೈಡ್ರೋಜನ್ ಬರುತ್ತೆ, ಅಲ್ಲಿನ ನೀರು ಕ್ಷಾರ ಆಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಮೆಗ್ನೀಷಿಯಂ ಹೈಡ್ರಾಕ್ಸೈಡ್ ಗಾರೆ ತರ ಕಟ್ಟಿಕೊಳ್ಳುತ್ತೆ, ಅದೂ ಎಣ್ಣೆ ಒಳಗೆ ಬರಬೇಕಾದ ಬಾಯಲ್ಲೇ. ಕಬ್ಬಿಣದ ಆನೋಡ್ ಹಾಕಿದ್ರೆ 1 ಆಂಪ್ ಒಂದು ವರ್ಷ ಹರಿದ್ರೆ ಸುಮಾರು 9 ಕಿಲೋ ಕಬ್ಬಿಣ ಕರಗುತ್ತೆ, 200 ಆಂಪಿಗೆ 1.8 ಟನ್. ಸಾವಿರಾರು ಅಡಿ ಕೆಳಗಿರೋ ಬಾವಿಯಲ್ಲಿ ಇದನ್ನ ಬದಲಿಸ್ತಾ ಕೂರೋಕಾಗಲ್ಲ, ಟೈಟಾನಿಯಂ ಮೇಲೆ ಲೋಹದ ಆಕ್ಸೈಡ್ ಲೇಪನ ಮಾಡಿದ ಆನೋಡೇ ಬೇಕಾಗುತ್ತೆ.

ಖರ್ಚಿನ ಲೆಕ್ಕ ಹೀಗೆ. 40 ಕಿಲೋವ್ಯಾಟ್ ಅಂದ್ರೆ ದಿನಕ್ಕೆ 960 ಯೂನಿಟ್. ಒಂದು ಬ್ಯಾರಲ್ ಕ್ರೂಡಲ್ಲಿರೋ ಶಕ್ತಿ ಸುಮಾರು 1,700 ಯೂನಿಟ್. ಇಷ್ಟು ಕರೆಂಟಿಗೆ ದಿನಕ್ಕೆ ಒಂದೇ ಬ್ಯಾರಲ್ ಜಾಸ್ತಿ ಬಂತು ಅಂದ್ರೆ ಬಂದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಆಗಲೇ ಹೋಯ್ತು, ಆ ಕರೆಂಟ್ ಕಲ್ಲಿದ್ದಲು ಸುಟ್ಟು ಮಾಡಿದ್ದಾದ್ರೆ ನಷ್ಟವೇ. ಹತ್ತು ಬ್ಯಾರಲ್ ಬಂದ್ರೆ ಮಾತು ಬೇರೆ. ಇನ್ನೊಂದು ಲಾಭನೂ ಲೆಕ್ಕಕ್ಕೆ ತಗೊಳ್ಳಿ, ಹಳೇ ಕ್ಷೇತ್ರಗಳಲ್ಲಿ ನೂರು ಲೀಟರ್ ದ್ರವ ಎತ್ತಿದ್ರೆ ತೊಂಬತ್ತಕ್ಕೂ ಮೇಲೆ ಬರೀ ನೀರೇ ಇರುತ್ತೆ, ಅದನ್ನ ಎತ್ತೋಕೆ, ಶುದ್ಧ ಮಾಡೋಕೆ, ವಾಪಸ್ ಒತ್ತೋಕೆ ಎಲ್ಲ ಕರೆಂಟೇ. ಈ ವಾಟರ್ ಕಟ್ ಸ್ವಲ್ಪ ಇಳಿದ್ರೂ ಉಳಿತಾಯ ದೊಡ್ಡದು.

ಎಲೆಕ್ಟ್ರಿಕ್ ಫೀಲ್ಡ್ ಎಣ್ಣೆ ಉದ್ಯಮದಲ್ಲಿ ನಿಜವಾಗಿ ಗೆದ್ದಿರೋದು ನೆಲದ ಮೇಲೆ. ಕ್ರೂಡ್ ಜೊತೆ ಬೆರೆತ ಉಪ್ಪುನೀರಿನ ಸಣ್ಣ ಹನಿಗಳನ್ನ ಹೈ ವೋಲ್ಟೇಜಲ್ಲಿ ಒಂದಕ್ಕೊಂದು ಸೇರಿಸಿ ಕೆಳಗಿಳಿಸೋ ವಿಧಾನಕ್ಕೆ ಕಾಟ್ರೆಲ್ 1911ರಲ್ಲಿ ಪೇಟೆಂಟ್ ತಗೊಂಡ್ರು, ಇವತ್ತು ರಿಫೈನರಿಗಳಲ್ಲಿ ಡಿಸಾಲ್ಟರ್ ಅನ್ನೋದು ಅದೇ. ಅಲ್ಲಿ ಯಾಕೆ ಅಷ್ಟು ಸಲೀಸು, ಕಲ್ಲಿನೊಳಗೆ ಯಾಕೆ ಇಷ್ಟು ಕಷ್ಟ ಅಂದ್ರೆ, ಡಿಸಾಲ್ಟರಲ್ಲಿ ಸುತ್ತ ಇರೋದು ಎಣ್ಣೆ, ಅದು ಕರೆಂಟ್ ಬಿಡಲ್ಲ, ಹಾಗಾಗಿ ಸಾವಿರಾರು ವೋಲ್ಟ್ ಕೊಟ್ರೂ ಪವರ್ ತಿನ್ನಲ್ಲ. ಕಲ್ಲಿನೊಳಗೆ ಒಂದಕ್ಕೊಂದು ಕೂಡಿಕೊಂಡಿರೋದು ಉಪ್ಪುನೀರು, ಎಣ್ಣೆ ನಡುನಡುವೆ, ಕರೆಂಟ್ ನೀರಲ್ಲಿ ಹರಿದು ಹೋಗುತ್ತೆ. ಈ ಎರಡನ್ನ ಪಕ್ಕಪಕ್ಕ ಇಟ್ಟು ತೋರಿಸಿ, ಕೇಳೋರಿಗೆ ತಟ್ಟಂತ ಅರ್ಥ ಆಗುತ್ತೆ.

ಪ್ರಯೋಗ ಮಾಡೋ ಮನಸ್ಸಿದ್ರೆ ಕಾಲೇಜ್ ಲ್ಯಾಬಲ್ಲೇ ಮಾಡಬಹುದು. ಪಾರದರ್ಶಕ ಟ್ಯೂಬಲ್ಲಿ ಮರಳು ತುಂಬಿ ನೀರು, ಆಮೇಲೆ ಎಣ್ಣೆ, ಆಮೇಲೆ ಮತ್ತೆ ನೀರು ಹಾಯಿಸಿ ಇನ್ನು ಎಣ್ಣೆ ಬರಲ್ಲ ಅನ್ನೋ ಹಂತಕ್ಕೆ ತನ್ನಿ, ಅಲ್ಲಿಂದ ಕರೆಂಟ್ ಶುರು ಮಾಡಿ. ಪಕ್ಕದಲ್ಲಿ ಅದೇ ಥರ ಇನ್ನೊಂದು ಟ್ಯೂಬ್ ಕರೆಂಟಿಲ್ಲದೇ ಅಷ್ಟೇ ನೀರು ಹಾಯಿಸ್ತಾ ಓಡ್ಲೇಬೇಕು, ಇದಿಲ್ಲದ ರಿಸಲ್ಟಿಗೆ ಬೆಲೆ ಇಲ್ಲ, ಯಾಕಂದ್ರೆ ಬರೀ ನೀರೇ ಹೆಚ್ಚು ಹೊತ್ತು ಹರಿದ್ರೂ ಸ್ವಲ್ಪ ಎಣ್ಣೆ ಬರ್ತಾ ಇರುತ್ತೆ. ಥರ್ಮಾಮೀಟರ್ ಇಟ್ಟು ಬಿಸಿ ಎಷ್ಟಾಯ್ತು ನೋಡಿ, ಮೂರನೇ ಟ್ಯೂಬನ್ನ ಕರೆಂಟಿಲ್ಲದೇ ಅಷ್ಟೇ ಬಿಸಿ ಮಾಡಿ ಹೋಲಿಸಿ. ಪ್ಲಸ್ ಮೈನಸ್ ಅದಲುಬದಲು ಮಾಡಿ ನೋಡಿ, ದಿಕ್ಕು ಬದಲಿಸಿದ್ರೂ ಎಣ್ಣೆ ಅಷ್ಟೇ ಬರ್ತಿದ್ರೆ ಅದು ಎಲೆಕ್ಟ್ರೋ ಆಸ್ಮೋಸಿಸ್ ಕೆಲಸ ಅಲ್ಲ ಅಂತ ಖಚಿತ. ಗ್ರಾಫೈಟ್ ಕಡ್ಡಿ ಸಾಕು, 30 ವೋಲ್ಟಿನ ಬೆಂಚ್ ಸಪ್ಲೈ ಸಾಕು, ಕಿಟಕಿ ತೆರೆದಿಡಿ, ಉಪ್ಪು ಜಾಸ್ತಿ ಹಾಕಬೇಡಿ, ವೋಲ್ಟೇಜನ್ನ ಸಪ್ಲೈ ಮೀಟರಲ್ಲಿ ನೋಡದೇ ಮರಳಿನೊಳಗೆ ಎರಡು ತಂತಿ ಚುಚ್ಚಿ ಅಲ್ಲಿ ಅಳೀರಿ, ಯಾಕಂದ್ರೆ ಎಲೆಕ್ಟ್ರೋಡ್ ಮೇಲೇ ಎರಡು ಮೂರು ವೋಲ್ಟ್ ಹೋಗಿರುತ್ತೆ.

ಇನ್ನು ನಿಮ್ಮ ಮನೆ ಹಿಂದಿನ ಬರೆ. ಇದನ್ನ ಓದಿ ನನಗೆ ಸೆಮಿನಾರಿಗಿಂತ ಇದರ ಯೋಚನೆಯೇ ಜಾಸ್ತಿ ಆಯ್ತು. ಕರೆಂಟಿಂದ ಮಣ್ಣಿನ ನೀರು ತೆಗೆಯೋ ವಿಧಾನ ಇದೆ, 1930ರ ದಶಕದಲ್ಲಿ ಜರ್ಮನಿಯಲ್ಲಿ ಲಿಯೋ ಕಾಸಾಗ್ರಾಂಡೆ ಇದನ್ನ ಬೆಳೆಸಿ, ಸಾಲ್ಟ್ಸ್‌ಗಿಟ್ಟರ್ ಹತ್ತಿರ ರೈಲ್ವೆ ದಾರಿಗೆ ಕಡಿದ ಮಣ್ಣು ಜಾರೋದನ್ನ ಇದರಿಂದಲೇ ನಿಲ್ಲಿಸಿದ್ರು. ಪಂಪಿಗೆ ನೀರು ಬಿಟ್ಟುಕೊಡದ ನುಣ್ಣನೆ ಮಣ್ಣಲ್ಲಿ, ಸಣ್ಣ ಜಾಗದಲ್ಲಿ, ಕೆಲವು ವಾರ ತಿಂಗಳ ಮಟ್ಟಿಗೆ ಕೆಲಸ ಮುಗಿಸೋವರೆಗೆ ಅದು ಸರಿ. ನಮ್ಮ ಕೊಡಗಿನ ಬರೆಗೆ ಅದು ಹೊಂದಲ್ಲ. ಸೆಂಟಿಮೀಟರಿಗೆ ಅರ್ಧ ವೋಲ್ಟ್ ಕೊಟ್ರೆ ದಿನಕ್ಕೆ ಅದು ಸಾಗಿಸೋದು 20 ಮಿಲಿಮೀಟರ್ ನೀರು, ಕಕ್ಕಡದ (ಜುಲೈ ಆಗಸ್ಟ್ ನಡುವಿನ ತಿಂಗಳು) ಮಳೆ ಜೋರಾದ ದಿನ ನಮ್ಮಲ್ಲಿ ನೂರಿನ್ನೂರು ಮಿಲಿಮೀಟರ್ ಬೀಳುತ್ತೆ. 20 ಮೀಟರ್ ಉದ್ದ, 10 ಮೀಟರ್ ಎತ್ತರ, 5 ಮೀಟರ್ ಒಳಗಿನ ತನಕ ಅಂದ್ರೂ ಮಣ್ಣು ನೋಡ್ಕೊಂಡು ಹತ್ತಾರು ಕಿಲೋವ್ಯಾಟ್ ಪವರ್ ಬೇಕು, ಅದೂ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗೋ ಹೊತ್ತಲ್ಲಿ. ಆನೆಗೆ ಅಂತ ಹಾಕಿರೋ ಸೋಲಾರ್ ಬೇಲಿಯ ಬಾಕ್ಸ್ ತಂದು ಮಣ್ಣಿಗೆ ಕೊಟ್ಟು ನೋಡೋಣ ಅಂತ ದಯವಿಟ್ಟು ಯಾರೂ ಹೊರಡಬೇಡಿ, ಅದು ಕೊಡೋದು ಕ್ಷಣಕ್ಷಣದ ಶಾಕ್ ಮಾತ್ರ, ನೀರು ಎಳೆಯೋಕೆ ಆಗಲ್ಲ, ಮೈನ್ಸ್ ಲೈನ್ ಎಳೆದು ಒದ್ದೆ ಮಣ್ಣಿಗೆ ಕೊಡೋದಂತೂ ಪ್ರಾಣಕ್ಕೇ ಅಪಾಯ.

2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯ್ತು ಅಂತ ನಾವೆಲ್ಲ ನೋಡಿದ್ದೀವಿ. ಬಿರುಕು ಬಿಟ್ಟ ಬರೆಗೆ ಮೊದಲ ಔಷಧಿ ಅಂದ್ರೆ ನೀರು ಒಳಗೆ ಇಳಿಯದ ಹಾಗೆ ನೋಡ್ಕೊಳ್ಳೋದು. ಬಿರುಕಿಗೆ ಜೇಡಿಮಣ್ಣು ಗಟ್ಟಿಯಾಗಿ ತುಂಬಿಸಿ, ಮಳೆಗಾಲದಲ್ಲಿ ಅದರ ಮೇಲೆ ಟಾರ್ಪಾಲ್ ಹೊದಿಸಿ, ಬಿರುಕಿಗಿಂತ ಮೇಲ್ಗಡೆ ಅಡ್ಡಕ್ಕೆ ಚರಂಡಿ ತೆಗೆದು ಸಿಮೆಂಟ್ ಅಥವಾ ಶೀಟ್ ಹಾಕಿ ನೀರನ್ನ ಪಕ್ಕಕ್ಕೆ ತಿರುಗಿಸಿ, ಬರೀ ಮಣ್ಣಿನ ಚರಂಡಿ ತೆಗೆದ್ರೆ ಅದೇ ನೀರಿಂಗಿಸೋ ಗುಂಡಿ ಆಗುತ್ತೆ. ಮನೆ ಹಿಂದೆ ಜಾಗ ಸಾಲಲ್ಲ ಅಂತ ಬರೆಯ ಬುಡ ಜೆಸಿಬಿಯಲ್ಲಿ ಇನ್ನೂ ಕಡಿಸೋದು ಬೇಡವೇ ಬೇಡ. ತಡೆಗೋಡೆ ಇದ್ರೆ ನೀರು ಹೊರಗೆ ಬರೋ ತೂತುಗಳು ಮುಚ್ಚಿಹೋಗಿವೆಯಾ ನೋಡಿ, ಇಲ್ಲದಿದ್ರೆ ಗೋಡೆ ಹಿಂದೆ ನೀರು ನಿಂತು ಗೋಡೆನೇ ತಳ್ಳುತ್ತೆ. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ, ಮಳೆಗಾಲದಲ್ಲಿ ದಿನಾ ಅಳೀರಿ. ದೇಶದಲ್ಲಿ ಭೂಕುಸಿತ ಅಧ್ಯಯನದ ಹೊಣೆ ಇರೋದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ, ಜಾಗ ಬಂದು ನೋಡಿಸಿ ಅಂತ ಪಂಚಾಯ್ತಿ ಮೂಲಕ ಜಿಲ್ಲಾಡಳಿತಕ್ಕೆ ಬರವಣಿಗೆಯಲ್ಲೇ ಕೊಡಿ, ಫೋಟೋ ಮತ್ತೆ ಆ ಅಳತೆ ಜೊತೆಗಿಡಿ. ಗೂಟಗಳ ಅಂತರ ಜಾಸ್ತಿ ಆಗ್ತಿದೆ ಅಂತ ಕಂಡ್ರೆ, ಅಥವಾ ಬರೆ ಬುಡದಿಂದ ಕೆಸರು ನೀರು ಬರೋಕೆ ಶುರುವಾದ್ರೆ, ಯಾರ ಆರ್ಡರಿಗೂ ಕಾಯದೇ ಮನೇಲಿರೋ ಹಿರಿಯರನ್ನ, ಮಕ್ಕಳನ್ನ ಕರ್ಕೊಂಡು ಆವತ್ತೇ ನೆಂಟರ ಮನೆಗೆ ಹೋಗಿಬಿಡಿ.